ಗಿಳಿಯನ್ನು ಹಿಡಿಯುವುದು ಹೇಗೆ: ತಲೆ ಬಿಗಿ, ಎದೆ ಸಡಿಲ

ಮೊದಲು ಫ್ಯಾನ್ ಆಫ್ ಮಾಡಿ. ಸ್ವಿಚ್ ಒತ್ತಿದರೆ ಸಾಲದು, ರೆಕ್ಕೆ ಪೂರ್ತಿ ನಿಲ್ಲುವವರೆಗೆ ಕಾಯಿರಿ. ದಾವಣಗೆರೆಯಲ್ಲಿ ಕೂತು ಈ ಮಾತು ಹೇಳುವುದು ಸುಲಭವಲ್ಲ, ಏಪ್ರಿಲ್ ಮಧ್ಯಾಹ್ನ 38, 39 ಡಿಗ್ರಿ ಇರುವಾಗ ಫ್ಯಾನ್ ಇಲ್ಲದೆ ಐದು ನಿಮಿಷ ಕೂರುವುದೂ ಕಷ್ಟ. ಆದರೂ ಗಿಳಿ ಪಂಜರದ ಹೊರಗಿದೆ ಅಂದರೆ ಫ್ಯಾನ್ ತಿರುಗಬಾರದು. ಕೈಯಿಂದ ಜಾರಿದ ಗಿಳಿ ಮೊದಲು ಹಾರುವುದೇ ಮೇಲಕ್ಕೆ.

ಆಮೇಲೆ ಕಿಟಕಿ, ಬಾಗಿಲು. ಬರೀ ಗಾಜು ಮುಚ್ಚಿದರೆ ಸಾಲದು, ಕರ್ಟನ್ ಕೂಡ ಎಳೆಯಿರಿ, ಅಲ್ಲಿ ಗಾಜಿದೆ ಅಂತ ಗಿಳಿಗೆ ಗೊತ್ತಾಗುವುದಿಲ್ಲ. ಕನ್ನಡಿ ಇದ್ದರೆ ಅದಕ್ಕೊಂದು ಬಟ್ಟೆ. ಒಲೆ ಉರಿಯುತ್ತಿದ್ದರೆ ಅಡುಗೆಮನೆ ಬಾಗಿಲು ಹಾಕಿ. ಬೆಕ್ಕು, ನಾಯಿ, ಚಿಕ್ಕ ಮಕ್ಕಳು ಹೊರಗೆ. ಮನೆಗೆ ಬಂದ ನೆಂಟರೂ ಹೊರಗೆ, ಅವರು ಮೊಬೈಲ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ, ಗಿಳಿ ಹಾರಿದ ತಕ್ಷಣ ಗಾಬರಿಯಾಗಿ ಅದೇ ಬಾಗಿಲು ತೆಗೆಯುತ್ತಾರೆ.

ಗಿಳಿ ಸಾಕಿದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ, ಕಚ್ಚಿಸಿಕೊಳ್ಳದೆ ಹಿಡಿಯುವುದು ಹೇಗೆ ಅಂತ. ಕಚ್ಚಿದರೆ ನಿಮಗೆ ಒಂದು ಬ್ಯಾಂಡೇಡ್ ಸಾಕು. ನೀವು ತಪ್ಪಾಗಿ ಹಿಡಿದರೆ ಅದರ ಉಸಿರೇ ನಿಲ್ಲುತ್ತದೆ. ಇದನ್ನು ನಾನು ಕಲಿತದ್ದು ಕೆಟ್ಟ ರೀತಿಯಲ್ಲಿ.

ಪಿಯುಸಿ ಓದುವಾಗ ಒಂದು ಜೋಡಿ ಬಜರಿಗರ್ ತಂದಿದ್ದೆ. ನಮ್ಮ ಕಡೆ ಇವನ್ನೇ ಲವ್ ಬರ್ಡ್ಸ್ ಅನ್ನುತ್ತಾರೆ, ನಿಜವಾದ ಲವ್ ಬರ್ಡ್ ಬೇರೆಯೇ ಹಕ್ಕಿ, ಇರಲಿ. ಅದರಲ್ಲಿ ಒಂದಕ್ಕೆ ಹುಷಾರಿರಲಿಲ್ಲ. ಅಂಗಡಿಯವನು ಒಂದು ಡ್ರಾಪ್ಸ್ ಕೊಟ್ಟು ಬಾಯಿಗೆ ಹಾಕು ಅಂದ. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದೆ. ಒದ್ದಾಡಿದಷ್ಟೂ ಮುಷ್ಟಿ ಬಿಗಿ ಮಾಡಿದೆ, ಎಲ್ಲಿ ಹಾರಿಹೋಗುತ್ತದೋ ಅಂತ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬಾಯಿ ಬಿಡ್ತೈತಲ್ಲೋ ಅದು, ಬಿಟ್ಬಿಡು" ಅಂದಳು. ಕಚ್ಚೋಕೆ ಬಾಯಿ ಬಿಡ್ತಿದೆ ಬಿಡವ್ವಾ ಅಂದೆ. ಅದು ಉಸಿರಿಗೆ ಬಾಯಿ ಬಿಡುತ್ತಿತ್ತು. ಸ್ವಲ್ಪ ಹೊತ್ತಿಗೆ ಒದ್ದಾಟ ನಿಂತಿತು. ಸುಮ್ಮನಾಯಿತು, ಒಳ್ಳೆಯದಾಯಿತು ಅಂದುಕೊಂಡೇ ಎರಡು ಹನಿ ಹಾಕಿದೆ. ಮುಷ್ಟಿ ಬಿಚ್ಚಿದಾಗ ತಲೆ ಒಂದು ಕಡೆ ವಾಲಿತ್ತು.

ಯಾಕೆ ಹಾಗಾಯಿತು ಅಂತ ಗೊತ್ತಾಗಲು ಆರೇಳು ವರ್ಷ ಬೇಕಾಯಿತು. ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ವಪೆ ಅಂತ ಒಂದು ಸ್ನಾಯುವಿನ ಪರದೆ ಇದೆ, ಅದು ಕೆಳಗಿಳಿದಾಗ ಗಾಳಿ ಒಳಗೆ ಬರುತ್ತದೆ. ಹಕ್ಕಿಗೆ ಅದಿಲ್ಲ. ಅದರ ಶ್ವಾಸಕೋಶವೂ ನಮ್ಮದರ ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ಮೈಯೊಳಗೆ ಗಾಳಿಚೀಲಗಳಿವೆ, ಎದೆಯ ಮೂಳೆ ಮತ್ತು ಪಕ್ಕೆಲುಬು ಮುಂದೆ ಹಿಂದೆ ಆಡಿದಾಗ ಆ ಚೀಲಗಳು ತಿದಿಯ ಹಾಗೆ ಕೆಲಸ ಮಾಡಿ ಗಾಳಿಯನ್ನು ಶ್ವಾಸಕೋಶದ ಮೂಲಕ ಸಾಗಿಸುತ್ತವೆ. ಅಂದರೆ ಎದೆಯ ಮೂಳೆ ಆಡಿದರೆ ಮಾತ್ರ ಉಸಿರು. ಕಮ್ಮಾರನ ತಿದಿಯನ್ನು ನಾಲ್ಕು ಜನ ಸೇರಿ ಅದುಮಿ ಹಿಡಿದರೆ ಗಾಳಿ ಎಲ್ಲಿಂದ ಬರಬೇಕು? ಮೂಗು ತೆರೆದಿದೆ, ಬಾಯಿ ತೆರೆದಿದೆ, ಆದರೂ ಅದು ನಮ್ಮ ಕೈಯಲ್ಲೇ ಉಸಿರುಗಟ್ಟಿ ಸಾಯುತ್ತದೆ.

ಕುತ್ತಿಗೆಯ ಕಥೆ ಉಲ್ಟಾ. ನಮ್ಮ ಶ್ವಾಸನಾಳದ ಉಂಗುರಗಳು ಹಿಂದೆ ತೆರೆದಿರುತ್ತವೆ, ಹಕ್ಕಿಯ ಉಂಗುರಗಳು ಪೂರ್ತಿ ಸುತ್ತು ಇರುತ್ತವೆ, ಸಣ್ಣ ಪೈಪಿನ ಹಾಗೆ. ಅದಕ್ಕೇ ಕುತ್ತಿಗೆಯ ಸುತ್ತ ಬೆರಳು ಮೆತ್ತಗೆ ಬಳಸಿ ಹಿಡಿದರೆ ಉಸಿರು ಕಟ್ಟುವುದಿಲ್ಲ. ನೋಡುವವರಿಗೆ ಕತ್ತು ಹಿಸುಕಿದ ಹಾಗೆ ಕಾಣುತ್ತದೆ, "ಅಯ್ಯೋ ಪಾಪ" ಅನ್ನುತ್ತಾರೆ, ಅನ್ನಲಿ. ಹಾಗಂತ ಹಿಸುಕುವ ಹಾಗೂ ಇಲ್ಲ, ಬೆರಳು ಬಳೆಯ ಹಾಗೆ ಸುತ್ತ ಇರಬೇಕು ಅಷ್ಟೇ.

ಈಗ ಮನೆಯಲ್ಲಿರುವುದು ಒಂದು ಕಾಕಟೀಲ್, ತಲೆಯ ಮೇಲೆ ಜುಟ್ಟಿರುವ ಗಿಳಿ. ತಿಳಿ ಹಳದಿ ಬಣ್ಣ, ಕೆನ್ನೆಯ ಮೇಲೆ ಕುಂಕುಮದ ಬೊಟ್ಟು, 92 ಗ್ರಾಂ. ಅವ್ವನೇ ಬೆಣ್ಣೆ ಅಂತ ಹೆಸರಿಟ್ಟಳು, ದಾವಣಗೆರೆಯಲ್ಲಿ ಇನ್ನೇನು ಇಡುತ್ತಾರೆ. (ಹೆಸರು ಬೆಣ್ಣೆ ಅಂತ ಯಾರೂ ಬೆಣ್ಣೆ ಹಣ್ಣು ಕೊಡಬೇಡಿ, ಅವಕಾಡೋ ಗಿಳಿ ಜಾತಿಗೆಲ್ಲ ವಿಷ.)

ಯಾವ ಗಿಳಿ ಅಂತ ಮೊದಲು ನೋಡಿ

ನಿಮ್ಮ ಮನೆಯಲ್ಲಿರುವುದು ಕೆಂಪು ಕೊಕ್ಕಿನ, ಕೊರಳಲ್ಲಿ ಪಟ್ಟಿ ಇರುವ ನಮ್ಮ ಊರಿನ ಹಸಿರು ಗಿಳಿಯಾ? ಹಾಗಾದರೆ ಹಿಡಿಯುವುದು ಹೇಗೆ ಅನ್ನುವುದಕ್ಕಿಂತ ಮುಂಚೆ ಇನ್ನೊಂದು ವಿಷಯ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಕಾಡುಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಈ ಹಸಿರು ಗಿಳಿ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದೆ. ತಾತನ ಕಾಲದಿಂದ ಸಾಕುತ್ತಿದ್ದೇವೆ, ಜಾತ್ರೆಯಲ್ಲಿ ಗಿಳಿಶಾಸ್ತ್ರದವರ ಹತ್ತಿರವೂ ಇರುತ್ತದಲ್ಲ ಅಂದರೆ ಕಾನೂನು ಒಪ್ಪುವುದಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸಿ. ನೀವೇ ಸುಮ್ನೆ ಹಾರಿಬಿಡಬೇಡಿ, ರೆಕ್ಕೆ ಕತ್ತರಿಸಿದ ಗಿಳಿ ಬೀದಿ ಬೆಕ್ಕಿನ ಬಾಯಿಗೆ ಹೋಗುತ್ತದೆ.

ಕಾಕಟೀಲ್, ಬಜರಿಗರ್ ವಿದೇಶಿ ಹಕ್ಕಿಗಳು, ಸಾಕಬಹುದು. ಸನ್ ಕಾನ್ಯೂರ್, ಆಫ್ರಿಕನ್ ಗ್ರೇ, ಮಕಾವ್ ತರಹದ ವಿದೇಶಿ ಗಿಳಿಗಳಿದ್ದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಅದು ಆಗಿಲ್ಲದಿದ್ದರೆ ಅಲ್ಲಿಂದ ಶುರು ಮಾಡಿ.

ಹಿಡಿಯದೇ ಆಗುವ ಕೆಲಸಕ್ಕೆ ಹಿಡಿಯಬೇಡಿ

ನನ್ನ ಲೆಕ್ಕದಲ್ಲಿ ಸಾಕಿದ ಗಿಳಿಯನ್ನು ನಿಜವಾಗಿ ಹಿಡಿಯಬೇಕಾದ ಸಂದರ್ಭ ವರ್ಷಕ್ಕೆ ನಾಲ್ಕೋ ಐದೋ. ಉಗುರು ತುಂಬ ಬೆಳೆದಾಗ, ಬಾಯಿಗೆ ಔಷಧಿ ಹಾಕಬೇಕಾದಾಗ, ಗಾಯ ನೋಡಬೇಕಾದಾಗ, ಡಾಕ್ಟರ್ ಹತ್ತಿರ. ಪಂಜರದಿಂದ ಹೊರಗೆ ತರುವುದಕ್ಕೆ, ಒಳಗೆ ಕಳಿಸುವುದಕ್ಕೆ, ತೂಕ ನೋಡುವುದಕ್ಕೆ, ಮುದ್ದಿಗೆ, ಫೋಟೋಗೆ, ಇದಕ್ಕೆಲ್ಲ ಹಿಡಿಯುವ ಅಗತ್ಯ ಇಲ್ಲವೇ ಇಲ್ಲ. ದಿನಾ ಮುಷ್ಟಿಯಲ್ಲಿ ಹಿಡಿದು ಹೊರಗೆ ತೆಗೆದರೆ ಅದಕ್ಕೆ ಕೈ ಅಂದರೆ ಗಿಡುಗ. ಆಮೇಲೆ ಕಚ್ಚುತ್ತದೆ ಅಂತ ದೂರಬೇಡಿ.

ಬೆರಳ ಮೇಲೆ ಹತ್ತುವುದನ್ನು ಕಲಿಸಿ. ಒಂದು ಕೈಯಲ್ಲಿ ನವಣೆ ತೆನೆ ಹಿಡಿಯಿರಿ. ಪೇಟೆಯಲ್ಲಿ ಸಿಗುವ ಆಮದು ಮಿಲೆಟ್ ಸ್ಪ್ರೇ ಬೇಕಾಗಿಲ್ಲ, ನಮ್ಮ ಬಯಲುಸೀಮೆಯ ನವಣೆಯೇ ಅದು, ಹೊಲದವರು ಪರಿಚಯ ಇದ್ದರೆ ಔಷಧಿ ಹೊಡೆಯದ ಒಂದು ಕಟ್ಟು ತೆನೆ ಕೇಳಿ ತನ್ನಿ. ಇನ್ನೊಂದು ಕೈಯ ತೋರುಬೆರಳನ್ನು ಅಡ್ಡ ಮಾಡಿ ಗಿಳಿಯ ಕಾಲಿನ ಸ್ವಲ್ಪ ಮೇಲೆ, ಹೊಟ್ಟೆಯ ಕೆಳಭಾಗಕ್ಕೆ ಮುಟ್ಟಿಸಿ. ತೆನೆ ಬೇಕೆಂದರೆ ಬೆರಳು ಹತ್ತಬೇಕು, ಹಾಗೆ ದೂರ ಇಡಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಗಿಳಿ ಹತ್ತುವ ಮೊದಲು ಕೊಕ್ಕನ್ನು ಮುಂದೆ ಚಾಚಿ ಬೆರಳನ್ನು ಕಚ್ಚಿ ನೋಡುತ್ತದೆ, ಅದು ಕಡಿತವಲ್ಲ, ಕೊಂಬೆ ಗಟ್ಟಿ ಇದೆಯಾ ಅಂತ ಪರೀಕ್ಷೆ. ಗಿಳಿಗೆ ಕೊಕ್ಕೇ ಮೂರನೇ ಕಾಲು. ನಾವು ಆಗ ಹೆದರಿ ಕೈ ಹಿಂದಕ್ಕೆ ಎಳೆಯುತ್ತೇವೆ, ಗಿಳಿ ಮುಗ್ಗರಿಸುತ್ತದೆ. ಎರಡು ಸಲ ಹಾಗಾದರೆ ಅದಕ್ಕೆ ಎರಡು ಪಾಠ ಆಗುತ್ತದೆ, ಈ ಕೈ ನಂಬಿಕೆಗೆ ಆಗದು ಅನ್ನುವುದು ಒಂದು, ಕೊಕ್ಕು ತೋರಿಸಿದರೆ ಈ ಮನುಷ್ಯ ಓಡುತ್ತಾನೆ ಅನ್ನುವುದು ಇನ್ನೊಂದು. ಬೆರಳನ್ನು ಮೇಜಿನ ಅಂಚಿನ ಹಾಗೆ ಅಲುಗದಂತೆ ಇಡಿ. ಆಗುವುದಿಲ್ಲ, ಭಯ ಅಂದರೆ ಶುರುವಿಗೆ ಒಂದು ಕಡ್ಡಿ ಬಳಸಿ, ಬೇವಿನದಾದರೂ ಸರಿ.

ಕಚ್ಚುವ ಮುಂಚೆ ಗಿಳಿ ಹೇಳುತ್ತದೆ, ನಾವು ಕೇಳಿಸಿಕೊಳ್ಳುವುದಿಲ್ಲ. ಕಣ್ಣಿನ ಪಾಪೆ ಸಣ್ಣದು ದೊಡ್ಡದು, ಸಣ್ಣದು ದೊಡ್ಡದು ಆಗುತ್ತಿರುತ್ತದೆ. ಬಾಲ ಬೀಸಣಿಗೆಯಂತೆ ಬಿಚ್ಚುತ್ತದೆ. ಪುಕ್ಕ ಮೈಗೆ ಅಂಟಿಕೊಂಡು ಗಿಳಿ ತೆಳ್ಳಗೆ ಕಾಣುತ್ತದೆ. ಕಾಕಟೀಲ್ ಆದರೆ ತಲೆಯ ಜುಟ್ಟು ಹಿಂದಕ್ಕೆ ಮಲಗಿಸಿ ಹಾವಿನ ಹಾಗೆ ಬುಸ್ ಅನ್ನುತ್ತದೆ. ಇದರಲ್ಲಿ ಯಾವುದು ಕಂಡರೂ ಕೈ ಅಲ್ಲೇ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ.

ಕಚ್ಚಿಯೇ ಬಿಟ್ಟರೆ ಕಿರುಚಬೇಡಿ, ಕೈ ಝಾಡಿಸಬೇಡಿ. ಹೇಳುವುದು ಸುಲಭ, ಗೊತ್ತು. ಕೈ ಎಳೆದರೆ ಚರ್ಮ ಹರಿಯುವುದು ನಿಮ್ಮದೇ. ಕೈಯನ್ನು ನಿಧಾನ ಮೇಜಿನ ಮೇಲೋ ಹಾಸಿಗೆ ಮೇಲೋ ಇಳಿಸಿ, ಕಾಲಿಗೆ ನೆಲ ಸಿಕ್ಕರೆ ಕೊಕ್ಕು ಬಿಡುತ್ತದೆ. ಮೂತಿಗೆ ಊದುವುದು, ಕೊಕ್ಕಿಗೆ ತಟ್ಟುವುದು, ಗದರುವುದು ಯಾವುದೂ ಬೇಡ. ಗದರಿದರೆ ಕೆಲವು ಗಿಳಿಗಳಿಗೆ ಅದು ಆಟ ಅನ್ನಿಸಿ ಮಾರನೇ ದಿನ ಬೇಕಂತಲೇ ಕಚ್ಚುತ್ತವೆ.

ಟವೆಲ್‌ನಲ್ಲಿ ಹಿಡಿಯುವುದು

ಹಿಡಿಯಲೇಬೇಕಾದ ದಿನಕ್ಕೆ ಬಟ್ಟೆ ಬೇಕು. ದಪ್ಪ ಚರ್ಮದ ಗ್ಲೌಸ್ ಹಾಕಿಕೊಳ್ಳುವವರಿದ್ದಾರೆ, ನಾನು ಬೇಡ ಅನ್ನುತ್ತೇನೆ. ಗ್ಲೌಸ್ ಒಳಗೆ ಕೈಗೆ ಸ್ಪರ್ಶವೇ ತಿಳಿಯುವುದಿಲ್ಲ, ಎಷ್ಟು ಅದುಮುತ್ತಿದ್ದೇವೆ ಅಂತ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಸ್ನಾನದ ಟರ್ಕಿ ಟವೆಲ್ ಕೂಡ ಅಷ್ಟು ಒಳ್ಳೆಯದಲ್ಲ, ಅದರ ನೂಲಿನ ಕುಣಿಕೆಗಳಿಗೆ ಉಗುರು ಸಿಕ್ಕಿಕೊಂಡರೆ ಗಿಳಿ ಎಳೆದಾಡಿ ಕಾಲು ಉಳುಕಿಸಿಕೊಳ್ಳುತ್ತದೆ. ಹಳೆಯ, ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆಯ ತುಂಡು ಎಲ್ಲಕ್ಕಿಂತ ಚೆನ್ನ. ಹತ್ತಿ ಮಿಲ್ಲುಗಳಿಂದ ಹೆಸರಾದ ಊರು ನಮ್ಮದು, ಪಂಚೆಗೆ ಬರವಿಲ್ಲ. ಕಡು ಕೆಂಪು, ಫಳಫಳ ಬಣ್ಣ ಬೇಡ.

ಈ ಬಟ್ಟೆಯನ್ನು ಹಿಡಿಯುವ ದಿನವೇ ಮೊದಲ ಸಲ ತೋರಿಸಬೇಡಿ. ಚಿತ್ರದುರ್ಗದಲ್ಲಿ ನನ್ನ ಗೆಳೆಯನ ಮನೆಯಲ್ಲಿ ಒಂದು ಸನ್ ಕಾನ್ಯೂರ್ ಇದೆ. ಕೋಟೆ ಕಡೆಯಿಂದ ಹಸಿರು ಗಿಳಿಗಳ ಹಿಂಡು ಕೂಗುತ್ತಾ ಹೋದರೆ ಇದೂ ಓಣಿ ಎದ್ದು ಕೂರುವ ಹಾಗೆ ಕೂಗುತ್ತದೆ. ಅದನ್ನು ಒಮ್ಮೆ ಹಿಂದಿನಿಂದ ನೀಲಿ ಟವೆಲ್ ಎಸೆದು ಹಿಡಿದರು. ಕೆಲಸ ಆಯಿತು. ಆದರೆ ಅಲ್ಲಿಂದ ಮುಂದೆ ನೀಲಿ ಬಣ್ಣದ ಏನು ಕಂಡರೂ ಪಂಜರದ ಮೂಲೆಗೆ ಓಡುತ್ತಿತ್ತು. ಗೆಳೆಯನ ನೀಲಿ ಲುಂಗಿ ಅಟ್ಟಕ್ಕೆ ಹೋಯಿತು. ಹಿಂದಿನಿಂದ, ಮೇಲಿನಿಂದ ಎರಗುವುದು ಗಿಡುಗದ ರೀತಿ, ಗಿಳಿಗೆ ಹುಟ್ಟಿನಿಂದಲೇ ಅದರ ಭಯ. ಅದಕ್ಕೇ ಒಂದೆರಡು ವಾರ ಮುಂಚಿನಿಂದ ಬಟ್ಟೆಯನ್ನು ಹಾಸಿಗೆ ಮೇಲೆ ಹಾಸಿ, ಮೇಲೆ ನಾಲ್ಕು ಕಾಳು ಸೂರ್ಯಕಾಂತಿ ಉದುರಿಸಿ. ನಡೆದಾಡಲಿ, ಕಡಿಯಲಿ. ಆಮೇಲೆ ಬಟ್ಟೆಯ ಒಂದು ಮೂಲೆ ಎತ್ತಿ ಗುಡಾರ ಮಾಡಿ, ಒಳಗೆ ಕಾಳು ಇಡಿ. ಆಮೇಲೆ ಬೆನ್ನ ಮೇಲೆ ಒಂದು ಕ್ಷಣ ಹೊದಿಸಿ ತೆಗೆಯಿರಿ. ಬೆಣ್ಣೆ ಈಗ ಪಂಚೆ ಕಂಡರೆ ತಾನೇ ಒಳಗೆ ನುಗ್ಗುತ್ತದೆ, ಅಲ್ಲೇನೋ ಇದೆ ಅಂತ.

ಹಿಡಿಯುವ ಹೊತ್ತು ಬೆಳಿಗ್ಗೆ ಬೇಗ ಅಥವಾ ಸಂಜೆ ಬಿಸಿಲು ಇಳಿದ ಮೇಲೆ. ಹಕ್ಕಿ ಬೆವರುವುದಿಲ್ಲ, ಮೈ ಕಾವು ಇಳಿಸಿಕೊಳ್ಳುವುದು ಹೆಚ್ಚಾಗಿ ಉಸಿರಿನಿಂದ. ಬಿಸಿಲ ಮಧ್ಯಾಹ್ನ ಬಟ್ಟೆಯಲ್ಲಿ ಸುತ್ತಿದರೆ ಬೇಗ ಬಿಸಿ ಏರುತ್ತದೆ. ಮತ್ತೆ, ಬೇಕಾದ ಸಾಮಾನೆಲ್ಲ ಮೊದಲೇ ಕೈಗೆಟುಕುವ ಹಾಗೆ ಇಡಿ: ನೇಲ್ ಕಟರ್, ಒಂದು ಬಟ್ಟಲಲ್ಲಿ ಕಾರ್ನ್ ಫ್ಲೋರ್, ಅಳತೆ ಮಾಡಿ ಎಳೆದಿಟ್ಟ ಔಷಧಿಯ ಸಿರಿಂಜ್, ಹತ್ತಿ. ಗಿಳಿಯನ್ನು ಕೈಯಲ್ಲಿ ಹಿಡಿದುಕೊಂಡು "ಕತ್ತರಿ ಎಲ್ಲಿಟ್ಟೆವ್ವಾ" ಅಂತ ಕೂಗುವುದು ನಮ್ಮ ಮನೆಯಲ್ಲೂ ಆಗಿದೆ. ಇಬ್ಬರು ಇರಲಿ, ಒಬ್ಬರು ಹಿಡಿಯಲು, ಒಬ್ಬರು ಕೆಲಸ ಮಾಡಲು.

ಪಂಜರದೊಳಗಿಂದಲೇ ಹಿಡಿಯಬೇಕಾದರೆ ಮೊದಲು ಅದರೊಳಗಿನ ಬಟ್ಟಲು, ಆಟಿಕೆ, ಅಡ್ಡಕಡ್ಡಿಗಳನ್ನೆಲ್ಲ ತೆಗೆಯಿರಿ. ಇಲ್ಲದಿದ್ದರೆ ಗಿಳಿ ಸುತ್ತ ಓಡುತ್ತದೆ, ನಿಮ್ಮ ಕೈ ಅದರ ಹಿಂದೆ ಓಡುತ್ತದೆ, ಆ ಅಟ್ಟಾಟದಲ್ಲೇ ಅರ್ಧ ಜೀವ ಹೋಗಿರುತ್ತದೆ. ಗಿಳಿ ಎಲ್ಲಿ ಕೂತಿದೆ ಅಂತ ನೋಡಿಕೊಂಡು ಲೈಟ್ ಆರಿಸಿ. ಕತ್ತಲಲ್ಲಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಇದ್ದಲ್ಲೇ ಇರುತ್ತದೆ. ಕೋಣೆಯಲ್ಲಿ ಹಾರಿ ತಪ್ಪಿಸಿಕೊಂಡಾಗಲೂ ಇದೇ ಉಪಾಯ.

ಬಟ್ಟೆಯನ್ನು ಎರಡೂ ಅಂಗೈ ಮೇಲೆ ಹರಡಿಕೊಂಡು ಗಿಳಿಗೆ ಕಾಣುವ ಹಾಗೆ ಎದುರಿನಿಂದ, ಪಕ್ಕದಿಂದ ಬನ್ನಿ. ಹಿಂಜರಿಯುತ್ತಾ ನಾಲ್ಕು ಸಲ ಕೈ ಚಾಚಿ ವಾಪಸ್ ಎಳೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಒಂದೇ ಸಲ, ನಿಧಾನಕ್ಕೆ, ಆದರೆ ಅನುಮಾನವಿಲ್ಲದೆ. ಬಟ್ಟೆ ಬೆನ್ನ ಮೇಲಿಂದ ಎರಡೂ ರೆಕ್ಕೆಗಳನ್ನು ಮೈಗೆ ಸೇರಿಸಿ ಬಳಸಿಕೊಳ್ಳಬೇಕು, ಶಾಲು ಹೊದಿಸಿದ ಹಾಗೆ. ಎದೆಯ ಮುಂದೆ ತೆರೆದಿರಲಿ ಅಥವಾ ಬಟ್ಟೆಯ ಅಂಚು ಸಡಿಲವಾಗಿ ಬಂದು ಬೀಳಲಿ. ಒಂದು ರೆಕ್ಕೆ ಹೊರಗೆ ಉಳಿದರೆ ಬಡಿದುಕೊಂಡು ಮುರಿದುಕೊಳ್ಳುತ್ತದೆ, ಅದನ್ನು ಮೊದಲು ಒಳಗೆ ಸೇರಿಸಿ. ರೆಕ್ಕೆ ಹಿಡಿದು ಎಳೆಯುವುದು, ಒಂದೇ ಕಾಲು ಹಿಡಿಯುವುದು ಎರಡೂ ಬೇಡ. ಬಾಲ ಹಿಡಿದರಂತೂ ಗರಿಗಳು ಗೊಂಚಲಾಗಿ ನಿಮ್ಮ ಕೈಗೆ ಬರುತ್ತವೆ, ಗಿಳಿ ಬರುವುದಿಲ್ಲ.

ಈಗ ತಲೆ. ಒಂದು ಕೈಯ ಹೆಬ್ಬೆರಳು ಒಂದು ದವಡೆಯ ಪಕ್ಕ, ಮಧ್ಯದ ಬೆರಳು ಇನ್ನೊಂದು ದವಡೆಯ ಪಕ್ಕ, ತೋರುಬೆರಳು ನೆತ್ತಿಯ ಮೇಲೆ. ಕೆಳಕೊಕ್ಕು ಸೇರುವ ಜಾಗದ ಗಟ್ಟಿ ಮೂಳೆ ಬೆರಳಿಗೆ ಸಿಗಬೇಕು. ಬೆರಳು ಜಾರಿ ಕಣ್ಣಿನ ಕೆಳಗಿನ ಮೆತ್ತನೆ ಭಾಗ ಒತ್ತಬಾರದು, ಬಟ್ಟೆ ಕಣ್ಣಿಗೆ ಉಜ್ಜಬಾರದು. ಹೀಗೆ ಹಿಡಿದರೆ ತಲೆ ತಿರುಗಿಸಿ ಕಚ್ಚಲು ಆಗುವುದಿಲ್ಲ. ಇನ್ನೊಂದು ಕೈ ಬಟ್ಟೆಯ ಮೇಲಿಂದ ಕೆಳಗೆ, ಎರಡು ಕಾಲು ಮತ್ತು ರೆಕ್ಕೆಯ ತುದಿಗಳನ್ನು ಸೇರಿಸಿ ಆಧಾರ ಕೊಡಲಿ. ಮೈ ನೇರವಾಗಿರಲಿ. ಕಾಲಿಗೆ ಬಟ್ಟೆಯ ಒಂದು ಚೂರು ಅಥವಾ ಕಡ್ಡಿ ಹಿಡಿಯಲು ಕೊಟ್ಟರೆ ಅರ್ಧ ಒದ್ದಾಟ ನಿಲ್ಲುತ್ತದೆ.

ಬಜರಿಗರ್, ಕಾಕಟೀಲ್ ಗಾತ್ರದವಕ್ಕೆ ಒಂದೇ ಕೈ ಸಾಕು. ಬೆನ್ನು ನಿಮ್ಮ ಅಂಗೈಗೆ, ಕುತ್ತಿಗೆ ತೋರುಬೆರಳು ಮತ್ತು ಮಧ್ಯದ ಬೆರಳಿನ ನಡುವೆ. ಉಳಿದ ಬೆರಳುಗಳು ಎದೆಯ ಮುಂದೆ ಪಂಜರದ ಕಂಬಿಗಳ ಹಾಗೆ ಸುಮ್ನೆ ಬಾಗಿರಲಿ, ಎದೆಗೆ ಒತ್ತಬಾರದು. ನಾನು ಮಾಡುವ ಒಂದು ಪರೀಕ್ಷೆ ಇದೆ. ಹಿಡಿದ ಮೇಲೆ ಎದೆಯ ಮೂಳೆ ಮುಂದೆ ಹಿಂದೆ ಆಡುವುದು ಕಣ್ಣಿಗೆ ಕಾಣಬೇಕು. ಕಾಣುತ್ತಿಲ್ಲ ಅಂದರೆ ಬೆರಳು ಸಡಿಲ ಮಾಡಿ, ಮಾತೇ ಇಲ್ಲ.

ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದೂ ಇದಕ್ಕೇ. ಅವಳ ಕೆಲಸ ಎದೆ ನೋಡುವುದು, ಬಾಯಿ ನೋಡುವುದು, ಗಡಿಯಾರ ನೋಡುವುದು. ಎರಡು ಮೂರು ನಿಮಿಷ ದಾಟಿದರೆ ಕೆಲಸ ಆಗಿರಲಿ ಬಿಡಲಿ ಬಿಟ್ಟುಬಿಡುತ್ತೇನೆ. ಎಂಟು ಉಗುರಲ್ಲಿ ಮೂರೇ ಆಯಿತಾ, ಉಳಿದದ್ದು ನಾಳೆ. ಬಾಯಿ ತೆರೆದು ಏದುಸಿರು, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುವುದು, ಕಣ್ಣು ಅರ್ಧ ಮುಚ್ಚುವುದು, ಇದ್ದಕ್ಕಿದ್ದಂತೆ ಮೈ ಸಡಿಲ ಬಿಡುವುದು, ಇವು ಕಂಡ ತಕ್ಷಣ ಕೆಳಗೆ ಇಳಿಸಿ. ಒದ್ದಾಡುವುದು ನಿಲ್ಲಿಸಿದರೆ ಖುಷಿಪಡಬೇಡಿ, ಮೊದಲು ಎದೆ ನೋಡಿ. ಮೊದಲೇ ಹುಷಾರಿಲ್ಲದೆ ಪುಕ್ಕ ಉಬ್ಬಿಸಿ ಕೂತ ಗಿಳಿಯನ್ನಂತೂ ಡಾಕ್ಟರ್ ಹೇಳದೆ ಹಿಡಿಯಲೇಬೇಡಿ.

ಉಗುರು, ಔಷಧಿ

ಉಗುರಿನ ತುದಿ ಮಾತ್ರ, ಸೂಜಿಯ ಮೊನೆಯಷ್ಟು. ಒಳಗೆ ರಕ್ತನಾಳ ಇದೆ, ಬಿಳಿ ಉಗುರಲ್ಲಿ ಗುಲಾಬಿ ಗೆರೆಯಾಗಿ ಕಾಣುತ್ತದೆ, ಕಪ್ಪು ಉಗುರಲ್ಲಿ ಕಾಣುವುದಿಲ್ಲ. ತಪ್ಪಿ ರಕ್ತ ಬಂದರೆ ಕಾರ್ನ್ ಫ್ಲೋರ್‌ಗೆ ಉಗುರು ಅದ್ದಿ ಎರಡು ನಿಮಿಷ ಒತ್ತಿ ಹಿಡಿಯಿರಿ. ಹಕ್ಕಿಯ ರಕ್ತ ಅದರ ತೂಕದ ಹತ್ತನೇ ಒಂದು ಭಾಗದಷ್ಟು, ಬೆಣ್ಣೆಯ ಲೆಕ್ಕಕ್ಕೆ ಒಂಬತ್ತು ಎಂಎಲ್, ಎರಡು ಟೀ ಚಮಚ ಕೂಡ ಇಲ್ಲ. ಹಾಗಾಗಿ ನಿಲ್ಲದೆ ಹನಿಯುತ್ತಿದ್ದರೆ ಮನೆಮದ್ದು ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ಉಗುರು ಕತ್ತರಿಸಿ ಅಭ್ಯಾಸ ಇಲ್ಲದವರು ಮೊದಲ ಸಲ ಗೊತ್ತಿರುವವರ ಕೈಯಲ್ಲಿ ಮಾಡಿಸಿ ನೋಡಿ. ಪಂಜರದಲ್ಲಿ ನುಣುಪಾದ ಪ್ಲಾಸ್ಟಿಕ್ ಕಡ್ಡಿಯ ಬದಲು ದಪ್ಪ ತೆಳು ಇರುವ ಪೇರಲ ಅಥವಾ ಬೇವಿನ ಕೊಂಬೆ ಹಾಕಿದರೆ ಉಗುರು ತಾನಾಗಿಯೇ ಸ್ವಲ್ಪ ಸವೆಯುತ್ತದೆ, ಈ ಪಾಡೇ ಕಡಿಮೆ.

ಔಷಧಿಗೆ ಸೂಜಿ ತೆಗೆದ ಸಿರಿಂಜ್. ಗಿಳಿ ನೇರವಾಗಿರಬೇಕು, ಮಗುವನ್ನು ಮಲಗಿಸಿಕೊಂಡ ಹಾಗೆ ಅಂಗಾತ ಮಲಗಿಸಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಅದರ ಎಡಗಡೆಯಿಂದ ಕೊಕ್ಕಿನೊಳಗೆ ಇಟ್ಟು ಬಲಗಡೆಗೆ ಗುರಿ ಮಾಡಿ ಹನಿ ಹನಿಯಾಗಿ ಬಿಡಿ, ಅನ್ನನಾಳ ಇಳಿಯುವುದು ಕುತ್ತಿಗೆಯ ಬಲಗಡೆ. ನುಂಗಲಿ, ಆಮೇಲೆ ಇನ್ನೊಂದು ಹನಿ. ಮೂಗಿಂದ ಹೊರಗೆ ಬಂದರೆ, ಕೆಮ್ಮಿದ ಹಾಗೆ ಮಾಡಿದರೆ ನಿಲ್ಲಿಸಿ, ತಲೆ ಸಡಿಲ ಬಿಡಿ, ಅದೇ ಒದರಿಕೊಳ್ಳುತ್ತದೆ. ಔಷಧಿ ಯಾವುದು, ಎಷ್ಟು ಅನ್ನುವುದು ಡಾಕ್ಟರ್ ಮಾತು, ಅಂಗಡಿಯವನ ಮಾತಲ್ಲ. ಹಕ್ಕಿ ನೋಡುವ ಡಾಕ್ಟರ್ ಎಲ್ಲ ಕಡೆ ಸಿಗುವುದಿಲ್ಲ, ದಾವಣಗೆರೆ, ಚಿತ್ರದುರ್ಗದವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಒಂದು ದಾರಿ. ಗಿಳಿ ಚೆನ್ನಾಗಿರುವಾಗಲೇ ಫೋನ್ ಮಾಡಿ ವಿಚಾರಿಸಿಟ್ಟುಕೊಳ್ಳಿ.

ಬಿಡುವಾಗ ಗಾಳಿಯಲ್ಲಿ ಎಸೆಯಬೇಡಿ. ನೆಲದ ಮೇಲೆ ಅಥವಾ ಹಾಸಿಗೆ ಮೇಲೆ ಇಳಿಸಿ, ಮೊದಲು ಕಾಲು ಊರಲಿ, ಆಮೇಲೆ ಮೈಯ ಬಟ್ಟೆ ಬಿಚ್ಚಿ, ತಲೆ ಹಿಡಿದ ಬೆರಳು ಕೊನೆಗೆ. ತಲೆ ಮೊದಲು ಬಿಟ್ಟರೆ ಆ ಇಡೀ ಮೂರು ನಿಮಿಷದ ಸೇಡು ನಿಮ್ಮ ಹೆಬ್ಬೆರಳಿಗೆ. ನೀರು ಇಡಿ, ತೆನೆ ಕೊಡಿ, ಮಾತಾಡಿಸಿ, ಆದರೆ ಮುಟ್ಟಬೇಡಿ. ಬೆಣ್ಣೆ ಪಂಜರದ ಮೇಲೆ ಹತ್ತಿ ನನಗೆ ಬೆನ್ನು ಹಾಕಿ ಕೂರುತ್ತದೆ, ಸಂಜೆಯವರೆಗೆ ಅವ್ವನ ಹತ್ತಿರ ಮಾತ್ರ ಹೋಗುತ್ತದೆ. ಅದಕ್ಕೇ ಯಾವಾಗಲೂ ಹಿಡಿಯುವುದು ನಾನೇ, ಮನೆಯಲ್ಲಿ ಒಬ್ಬರಾದರೂ ಅದರ ಕಣ್ಣಲ್ಲಿ ಒಳ್ಳೆಯವರಾಗಿ ಉಳಿಯಲಿ ಅಂತ.

ಕೈ ಸೋಪಿನಲ್ಲಿ ತೊಳೆಯಿರಿ, ಕಚ್ಚಿದ ಗಾಯ ಇದ್ದರೆ ಜಾಸ್ತಿ ಹೊತ್ತು. ಗಿಳಿಗಳಿಂದ ಮನುಷ್ಯರಿಗೆ ಬರುವ ಸಿಟಕೋಸಿಸ್ ಅಂತ ಒಂದು ಜ್ವರ ಇದೆ, ಒಣಗಿದ ಹಿಕ್ಕೆಯ ಧೂಳು ಉಸಿರಿಗೆ ಹೋದರೆ ತಗಲಬಹುದು. ಜ್ವರ, ಒಣ ಕೆಮ್ಮು ಬಂದು ಡಾಕ್ಟರ್ ಹತ್ತಿರ ಹೋದರೆ ಮನೆಯಲ್ಲಿ ಗಿಳಿ ಇದೆ ಅಂತ ನೀವೇ ಹೇಳಿ, ಅವರಾಗಿ ಕೇಳುವುದಿಲ್ಲ.

ಬೀದಿಯಲ್ಲಿ ಸಿಕ್ಕ ಗಿಳಿ

ನಮ್ಮ ಕಡೆ ಮೆಕ್ಕೆಜೋಳ, ಸೂರ್ಯಕಾಂತಿ ಹೊಲ ಜಾಸ್ತಿ, ಹಾಗಾಗಿ ಹಸಿರು ಗಿಳಿಯೂ ಜಾಸ್ತಿ. ಗಾಳಿಪಟದ ದಾರಕ್ಕೆ ಸಿಕ್ಕಿ ಬಿದ್ದದ್ದೋ, ಬಲೆಗೆ ಸಿಕ್ಕಿದ್ದೋ ಕಂಡರೆ ಮೇಲೆ ಹೇಳಿದ್ದೇ ಹಿಡಿತ, ಆದರೆ ಇದು ಸಾಕಿದ ಗಿಳಿಯಲ್ಲ, ಪ್ರಾಣಭಯಕ್ಕೆ ಕಚ್ಚುತ್ತದೆ, ಮೂಳೆಯ ತನಕ. ಹೆಗಲ ಮೇಲಿನ ಟವೆಲ್ಲೇ ಸಾಕು. ತಲೆಗೆ ಬಟ್ಟೆ ಮುಚ್ಚಿದರೆ ಕತ್ತಲಾಗಿ ಶಾಂತವಾಗುತ್ತದೆ, ಮೂಗು ಮುಚ್ಚದ ಹಾಗೆ ನೋಡಿಕೊಳ್ಳಿ. ದಾರವನ್ನು ಎಳೆಯಬೇಡಿ, ಕತ್ತರಿಸಿ. ರೆಕ್ಕೆಗೆ ಸುತ್ತಿಕೊಂಡದ್ದು ಚರ್ಮದೊಳಗೆ ಇಳಿದಿದ್ದರೆ ಅದನ್ನೂ ಬಿಡಿಸಲು ಹೋಗಬೇಡಿ, ಉದ್ದ ದಾರ ಮಾತ್ರ ಕತ್ತರಿಸಿ ಹಾಗೇ ಇಡಿ. ಬಾಯಿಗೆ ನೀರು ಹುಯ್ಯಬೇಡಿ, ಮಂಡಕ್ಕಿ ಹಾಕಬೇಡಿ. ಒಂದು ರಟ್ಟಿನ ಡಬ್ಬಿ, ಕೆಳಗೆ ಬಟ್ಟೆ, ನೆರಳಿನ ಜಾಗ, ಗದ್ದಲ ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಡಬ್ಬಿಗೆ ಗಾಳಿಯಾಡಲು ತೂತು ಬೇಕಲ್ಲ, ಅದನ್ನು ಗಿಳಿಯನ್ನು ಒಳಗೆ ಇಡುವ ಮೊದಲೇ ಮಾಡಿ. ಒಳಗೆ ಇಟ್ಟು ಮುಚ್ಚಳ ಹಾಕಿದ ಮೇಲೆ ಸ್ಕ್ರೂಡ್ರೈವರ್ ತಗೊಂಡು ಚುಚ್ಚಲು ಹೊರಟವರನ್ನು ನಾನು ನೋಡಿದ್ದೇನೆ.